ಒಂದೇ ಸೊಂಟದ ಹನ್ನೆರಡು ಹೆಂಗಸರು

ನನ್ನ ಹೆಸರು ಪ್ರಾಯಿತ್ನೊ. ನಮ್ಮ ಜಾವಾದ ಮಾತಿನಲ್ಲಿ ಅದಕ್ಕೆ 'ಎಚ್ಚರಿಕೆಯುಳ್ಳವನು' ಎಂದರ್ಥ. ಹೆಸರಿಡುವ ಹೊತ್ತಿಗೆ ನಾನು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದ ರೀತಿಯನ್ನು ನಮ್ಮಪ್ಪ ಸ್ವಲ್ಪ ಗಮನಿಸಬೇಕಿತ್ತು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದರೆ, ಇನ್ನೂ ಚೆನ್ನಾಗಿ ತಿರುಗಬಹುದಲ್ಲ ಎಂದು ಬಿಚ್ಚುತ್ತೇನೆ. (ನಮ್ಮ ಮನೆಯ ಫ್ಯಾನ್ ಈಗ ತಿರುಗುವುದಿಲ್ಲ.) ಸೆಮಾರಾಂಗ್‌ನ ಸೆಕೆಯಲ್ಲಿ ಬೀಸಣಿಗೆ ಹಿಡಿದು ಕೂತ ನನ್ನ ಹೆಂಡತಿ ನಸ್ತಿತಿ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ: "ಮಾಸ್, ನೀವು ಏನೂ ಮಾಡ್ದೇ ಇದ್ರೆ ಅದೇ ಈ ಮನೆಗೆ ದೊಡ್ಡ ಉಪಕಾರ." (ಮಾಸ್ ಎಂದರೆ ಅಣ್ಣ. ಗಂಡನನ್ನೂ ನಮ್ಮಲ್ಲಿ ಹಾಗೇ ಕರೆಯುವುದು, ನಗಬೇಡಿ.)

ಹೊಟ್ಟೆಪಾಡಿಗೆ ನಾನು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತೇನೆ. ನಸ್ತಿತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳು ಹೊಲಿದ ಕೆಬಾಯಾ, ಅಂದರೆ ನಮ್ಮ ಹೆಂಗಸರ ಉದ್ದ ತೋಳಿನ ಮೇಲಂಗಿ, ತೊಟ್ಟರೆ ಎಂಥವರೂ ಮದುವಣಗಿತ್ತಿಯಾಗಿಬಿಡುತ್ತಾರೆ, ಈ ಮಾತನ್ನು ನಾನು ಗಂಡನಾಗಿ ಅಲ್ಲ, ನಿಷ್ಪಕ್ಷಪಾತಿಯಾಗಿ ಹೇಳುತ್ತಿದ್ದೇನೆ. ಆದರೆ ಅವಳ ಕಸುಬಿನಿಂದ ನನಗೊಂದು ಘನಘೋರ ತೊಂದರೆಯಿತ್ತು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಕಂದು ಕಾಗದದ ಮಾದರಿ ಕತ್ತರಿಸಿ, ಅದರ ಮೇಲೆ ಅಳತೆ ಬರೆದು, ನಮ್ಮ ಮಲಗುವ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಿದ್ದಳು. ಕಣ್ಣು ಬಿಟ್ಟರೆ ಎದುರಿಗೆ ಬುದೆ ಮಾರ್ನಿಯ ಬೆನ್ನು. (ಬುದೆ ಎಂದರೆ ದೊಡ್ಡಮ್ಮ.) ಮಗ್ಗುಲು ಬದಲಿಸಿದರೆ ನಮ್ಮ ಪ್ರಾಂಶುಪಾಲರ ಹೆಂಡತಿಯ ತೋಳು. ಕಿಟಕಿಯಿಂದ ಗಾಳಿ ಬಂದರೆ ಅಷ್ಟೂ ಹೆಂಗಸರು ಸರಸರ ಎಂದು ಪಿಸುಗುಟ್ಟಲು ಶುರು. ನಿದ್ದೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಒಂದು ಮದುವೆ ಬಂತು. ನಸ್ತಿತಿಯ ಅಕ್ಕ ಎಂಬಾಕ್ ಕುಂತಾರಿಯ (ಎಂಬಾಕ್ ಎಂದರೂ ಅಕ್ಕನೇ) ಮಗಳು ಲಾರಸ್‌ಳ ಮದುವೆ. ನಮ್ಮ ಕಡೆ ಮದುವೆ ಎಂದರೆ ಮನೆತನದ ಹೆಂಗಸರಿಗೆಲ್ಲ ಒಂದೇ ಬಣ್ಣದ, ಒಂದೇ ನಮೂನೆಯ ಸಮವಸ್ತ್ರ ಬೇಕೇ ಬೇಕು. ಪಚ್ಚೆಹಸಿರು ಲೇಸಿನ ಬಟ್ಟೆಯನ್ನು ಎಂಬಾಕ್ ಕುಂತಾರಿ ಜಕಾರ್ತಾದಿಂದ ತಂದಿದ್ದರು. ಹನ್ನೆರಡು ಜನಕ್ಕೆ ಹನ್ನೆರಡು ತುಂಡು, ಅಂಗಡಿಯಲ್ಲಿ ಅದೇ ಕೊನೆಯ ಥಾನು.

"ಹೊಲಿಗೆ ನಿನಗೇ ಕೊಡ್ತೀನಿ. ಕೆಲಸ ಮೆಚ್ಚುಗೆಯಾದ್ರೆ ನಮ್ಮ ಅಂಗಡಿಮನೆಯ ಮುಂದಿನ ಕೋಣೇನೂ ನಿನಗೇ. ಬೋರ್ಡ್ ಹಾಕ್ಕೋ, ದೊಡ್ಡ ಟೈಲರ್ ಆಗು," ಎಂದು ಕುಂತಾರಿ ತಂಗಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಕೆಟ್ರೆ ಮಾತ್ರ ಕೇಳ್ಬೇಡ," ಎಂದರು. ಕೆಡುವುದು ಎಂಬ ಮಾತು ಬಂದಾಗ ಅವರು ನನ್ನತ್ತಲೇ ಯಾಕೆ ತಿರುಗಬೇಕು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಆ ಕೋಣೆಗಾಗಿ ನಸ್ತಿತಿ ಎಷ್ಟೋ ವರ್ಷದಿಂದ ಆಸೆ ಪಟ್ಟಿದ್ದಳು. ಆ ದಾರಿಯಲ್ಲಿ ಹೋದಾಗಲೆಲ್ಲ ನಿಂತು, ಬೋರ್ಡ್ ಎಲ್ಲಿ ಬರಬೇಕು, ಗಾಜಿನ ಕಪಾಟು ಎಲ್ಲಿ ಇರಬೇಕು ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಇಂಥ ಹೊತ್ತಿನಲ್ಲಿ ಗಂಡನಾದವನು ಕೈಕಟ್ಟಿ ಕೂರುವುದುಂಟೆ? ನನ್ನ ಕೈ ತುರಿಸತೊಡಗಿತು.

"ಕಾಗದ ಎಲ್ಲಾ ಕಿತ್ತುಹಾಕೋಣ. ಅಳತೆ ಕಂಪ್ಯೂಟರಿನಲ್ಲಿರಲಿ. ನಾನೇ ಒಂದು ಪ್ರೋಗ್ರಾಮ್ ಬರೆದುಕೊಡ್ತೀನಿ," ಎಂದೆ.

"ನನ್ನ ಕಾಗದಕ್ಕೇನಾಗಿದೆ?"

"ಹಳೇ ಕಾಲದ್ದು."

"ನೀವೂ ಹಳೇ ಕಾಲದವರೇ. ನಿಮ್ಮನ್ನ ಕಿತ್ತುಹಾಕಿದ್ನಾ?"

ಆದರೂ ಕೊನೆಗೆ ಒಪ್ಪಿದಳು. ಮದುವಣಗಿತ್ತಿಯ ಕೆಬಾಯಾಗೆ ಮಣಿ ಪೋಣಿಸುವ ಕೆಲಸ ಬೆಟ್ಟದಷ್ಟಿತ್ತು, ನನ್ನ ಜೊತೆ ವಾದ ಮಾಡಲು ಅವಳಿಗೆ ಪುರುಸೊತ್ತಿರಲಿಲ್ಲ. ಅವಳು ಟೇಪು ಹಿಡಿದು ಅಳೆದು ಕೂಗಬೇಕು, ನಾನು ಕಂಪ್ಯೂಟರಿಗೆ ತುಂಬಬೇಕು ಎಂದು ಒಪ್ಪಂದವಾಯಿತು.

ಈಗ ನನ್ನ ಸೃಷ್ಟಿಕಾರ್ಯವನ್ನು ತುಸು ವಿವರಿಸಬೇಕು. 'ಗಿರಾಕಿ' ಎಂಬ ಒಂದು ಅಚ್ಚು ಮಾಡಿದೆ. ಆ ಅಚ್ಚಿನಿಂದ ಎಷ್ಟು ಗಿರಾಕಿಗಳನ್ನು ಬೇಕಾದರೂ ಎರಕ ಹೊಯ್ಯಬಹುದು. ಒಬ್ಬೊಬ್ಬರೊಳಗೂ ಹೆಸರು, ಬಟ್ಟೆಯ ಬಣ್ಣ, ಕತ್ತಿನ ನಮೂನೆ, ಮತ್ತು ಅಳತೆ ಎಲ್ಲಿದೆ ಎಂದು ತೋರಿಸುವ ಒಂದು ವಿಳಾಸ. (ಅಳತೆಯೇ ಅಲ್ಲ, ಅಳತೆಯ ವಿಳಾಸ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.) ಮೊದಲು ಪರೀಕ್ಷೆಗೆಂದು ನನ್ನ ಹೆಸರಲ್ಲೇ ಒಬ್ಬ ಖಾಲಿ ಗಿರಾಕಿಯನ್ನು ಹುಟ್ಟಿಸಿದೆ. ಆಮೇಲೆ ಬುದೆ ಮಾರ್ನಿಯನ್ನು ತುಂಬಿಸಿದೆ. ಉಳಿದ ಹನ್ನೊಂದು ಜನಕ್ಕೂ ಅದೇ ಬಣ್ಣ, ಅದೇ ಕತ್ತು, ಅದೇ ತೋಳು ತಾನೇ? ಮತ್ತೆ ಮತ್ತೆ ಯಾರು ತುಂಬುತ್ತಾರೆ? ಬುದೆ ಮಾರ್ನಿಯನ್ನು ನಕಲು ಮಾಡು, ಹೆಸರು ಬದಲಿಸು, ಅಳತೆ ತಿದ್ದು, ಮುಂದಿನವರು ಬನ್ನಿ! ಒಂದು ಮಧ್ಯಾಹ್ನದಲ್ಲಿ ಇಡೀ ಮನೆತನ ಕಂಪ್ಯೂಟರಿನೊಳಗೆ ಹೋಗಿ ಕೂತಿತು.

ಕೊನೆಗೆ ಅಳತೆ ಕೊಟ್ಟವರು ಎಂಬಾಕ್ ಕುಂತಾರಿ. ಸೊಂಟದ ಅಳತೆ ಅವರ ಮಟ್ಟಿಗೆ ರಾಜರಹಸ್ಯ. ಕೇಳಿದವರಿಗೆಲ್ಲ "ತೊಂಬತ್ತು ಸೆಂಟಿಮೀಟರ್" ಎನ್ನುತ್ತಾರೆ. ಬಾಗಿಲು ಹಾಕಿ, ಕಿಟಕಿ ಹಾಕಿ, ಅಂಕಿಯನ್ನು ಗಟ್ಟಿಯಾಗಿ ಕೂಗಬಾರದೆಂದು ನಸ್ತಿತಿಯಿಂದ ಆಣೆ ಹಾಕಿಸಿಕೊಂಡು ಅಳೆಯಲು ಬಿಟ್ಟರು. ನೂರ ಹದಿನಾಲ್ಕು. ನಸ್ತಿತಿ ಅದನ್ನು ನನ್ನ ಕಿವಿಯಲ್ಲಿ ಹೇಳಿದಳು, ನಾನು ಕಂಪ್ಯೂಟರಿನ ಕಿವಿಯಲ್ಲಿ ಹೇಳಿದೆ.

ಕಂಪ್ಯೂಟರ್ ಮುದ್ರಿಸಿದ ಅಳತೆ ಚೀಟಿಗಳೆಲ್ಲ ಬಟ್ಟೆಯ ಜೊತೆ ಪಾಕ್ ತುಗಿಮಿನ್ (ಪಾಕ್ ಎಂದರೆ ರಾಯರು) ಎಂಬ ಕತ್ತರಿ ಕೆಲಸದವರ ಹತ್ತಿರ ಹೋದವು. ಅವರ ಕತ್ತರಿ ಹರಿತ, ಬಾಯಿ ಮಾತ್ರ ಬೀಗ. ಚೀಟಿಯಲ್ಲಿದ್ದಷ್ಟು ಕತ್ತರಿಸುತ್ತಾರೆ, ಯಾಕೆ ಏನು ಎಂದು ಕೇಳುವ ಪದ್ಧತಿಯಿಲ್ಲ. ನನ್ನ ತಲೆಯೋ ಸುಮ್ಮನಿರಲಿಲ್ಲ. ಕಾಗದಗಳಿಗೆ ಇನ್ನೇನು ಕೆಲಸ ಎಂದು ನಸ್ತಿತಿ ಮಾರುಕಟ್ಟೆಗೆ ಹೋದ ಹೊತ್ತು ನೋಡಿ, ಗೋಡೆಯ ಮೇಲಿನ ಹೆಂಗಸರನ್ನೆಲ್ಲ ಸುರುಳಿ ಸುತ್ತಿ, ಬೀದಿ ಮೂಲೆಯಲ್ಲಿ ಕರಿದ ತಿಂಡಿ ಮಾರುವ ಪಾಕ್ ಜುಮಾದಿಗೆ ಪೊಟ್ಟಣ ಕಟ್ಟಲು ಕೊಟ್ಟುಬಂದೆ. ಆ ದಿನ ಆತ ಸಂತೋಷಕ್ಕೆ ಎರಡು ತೋಫು ಜಾಸ್ತಿ ಹಾಕಿಕೊಟ್ಟ.

ಕತ್ತರಿಸಿದ ಬಟ್ಟೆಯ ಗಂಟುಗಳು ಮನೆಗೆ ಬಂದ ದಿನ ಕುಂತಾರಿ ನೋಡಲು ಬಂದು ಕೂತಿದ್ದರು. ನನ್ನ ಪ್ರತಾಪ ತೋರಿಸಲು ಇದಕ್ಕಿಂತ ಶುಭಮುಹೂರ್ತ ಬೇಕೆ? "ನೋಡ್ತಾ ಇರಿ ಎಂಬಾಕ್," ಎಂದು ಒಂದು ಗುಂಡಿ ಒತ್ತಿದೆ. ಹನ್ನೆರಡೂ ಜನರ ಫೋನಿಗೆ ಸಂದೇಶ ಹೋಯಿತು: 'ತಮ್ಮ ಕೆಬಾಯಾ ಕತ್ತರಿಸಿ ಸಿದ್ಧವಾಗಿದೆ. ತಮ್ಮ ಅಳತೆ ಹೀಗಿದೆ.'

ಮೊದಲು ನಸ್ತಿತಿಯ ಫೋನ್ ಕೂಗಿತು. ಬುದೆ ಮಾರ್ನಿ. ಕಡ್ಡಿಯಂತಿರುವ ಆಕೆಯ ದನಿ ಮಾತ್ರ ಗಂಟೆ. ಕೋಣೆಗೆಲ್ಲ ಕೇಳಿಸಿತು.

"ಏನೇ ನಸ್ತಿತಿ, ನನ್ನ ಸೊಂಟ ನೂರ ಹದಿನಾಲ್ಕಾ? ನಾನೇನು ಅಕ್ಕಿ ಮೂಟೇನಾ?"

ಅದು ಮುಗಿಯುವಷ್ಟರಲ್ಲಿ ಇನ್ನೊಂದು ಕರೆ. "ಅಕ್ಕಾ, ಇದು ಯಾರ ಸೊಂಟ? ನನಗ್ಯಾಕೆ ಬಂತು?" ಮತ್ತೊಂದು. ಮಗದೊಂದು. ಮನೆತನದ ವಾಟ್ಸಾಪ್ ಗುಂಪಿನಲ್ಲಿ ಸಂಶೋಧನೆಯೇ ಶುರುವಾಯಿತು. ಎಲ್ಲರಿಗೂ ನೂರ ಹದಿನಾಲ್ಕು ಬಂದಿದೆ, ಹಾಗಾದರೆ ನಿಜವಾದ ನೂರ ಹದಿನಾಲ್ಕು ಯಾರದ್ದು? ಒಬ್ಬೊಬ್ಬರೇ 'ನನ್ನದಲ್ಲ' ಎಂದು ಬರೆಯುತ್ತ ಬಂದರು. ಕೊನೆಗೆ ಬರೆಯದೆ ಉಳಿದವರು ಒಬ್ಬರೇ.

ಕುಂತಾರಿ ತಮ್ಮ ಫೋನ್ ನೋಡಿದರು. ನನ್ನನ್ನು ನೋಡಿದರು. ಕಿವಿಯೋಲೆ ಅಲುಗಾಡಿತು.

"ಮಾಸ್..." ನಸ್ತಿತಿ ಗಂಟು ಬಿಚ್ಚಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. "ಹನ್ನೆರಡೂ ಒಂದೇ ಅಳತೆಗೆ ಕತ್ತರಿಸಿದ್ದಾರೆ."

ನನಗೆ ತಪ್ಪೇನೆಂದು ಆ ಕ್ಷಣಕ್ಕೇ ಹೊಳೆಯಿತು, ಅದೇ ಇನ್ನೂ ದೊಡ್ಡ ಅವಮಾನ. ನಕಲು ಹೇಗೆ ಮಾಡಬೇಕೆಂದು ನಾವು ಹೇಳಿಕೊಡದಿದ್ದರೆ ಕಂಪ್ಯೂಟರ್ ತನಗೆ ತೋಚಿದ ಹಾಗೆ, ಒಳಗಿದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳುತ್ತದೆ. ಹೆಸರಿಗೆ ಹೆಸರು, ಬಣ್ಣಕ್ಕೆ ಬಣ್ಣ, ವಿಳಾಸಕ್ಕೆ ವಿಳಾಸ. ಗಿರಾಕಿಗಳೇನೋ ಹನ್ನೆರಡು ಜನ ಆದರು, ಆದರೆ ಹನ್ನೆರಡು ಜನರ ಕೈಯಲ್ಲೂ ಒಂದೇ ವಿಳಾಸ, ಆ ವಿಳಾಸದಲ್ಲಿ ಒಂದೇ ಅಳತೆ! ಯಾರದನ್ನು ತಿದ್ದಿದರೂ ಎಲ್ಲರದೂ ತಿದ್ದಿಹೋಗುತ್ತಿತ್ತು. ಕೊನೆಗೆ ತಿದ್ದಿದ್ದು ಕುಂತಾರಿಯದು.

ಇದನ್ನೆಲ್ಲ ಪಾಠದ ಧಾಟಿಯಲ್ಲಿ ವಿವರಿಸಿದೆ. ನಸ್ತಿತಿ ಕಣ್ಣೊರೆಸಿಕೊಂಡು ಹೇಳಿದಳು: "ಅಂದ್ರೆ, ಹನ್ನೆರಡು ತಟ್ಟೆ ಹಾಕಿ ಎಲ್ಲಕ್ಕೂ ಒಂದೇ ಮೀನು ತೋರಿಸಿದ್ರಿ."

"ಹೆಚ್ಚು ಕಡಿಮೆ ಹಾಗೇ."

"ಇದನ್ನ ನೀವು ಮಕ್ಕಳಿಗೆ ಕಲಿಸ್ತೀರಲ್ವಾ?"

"ಪ್ರತಿ ವರ್ಷ."

"ಹೇಳೋದು ಆಚಾರ, ತಿನ್ನೋದು ಬದನೇಕಾಯಿ!" ಎಂದವರು ಕುಂತಾರಿ. "ಕೋಣೆ ಮಾತು ಮರೆತುಬಿಡು ನಸ್ತಿತಿ. ನನ್ನ ಬಟ್ಟೇನೂ ಹೋಯ್ತು, ಮಾನವೂ ಹೋಯ್ತು."

ನಸ್ತಿತಿ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಎತ್ತಿದಳು. ಮೆಲ್ಲಗೆ ಅವಳ ಮುಖ ತಿಳಿಯಾಯಿತು. "ಬಟ್ಟೆ ಹೋಗಿಲ್ಲ ಎಂಬಾಕ್. ನಿಮ್ಮ ಅಳತೆಗೆ ಕತ್ತರಿಸಿರೋದಕ್ಕೇ ಉಳೀತು. ಬುದೆ ಮಾರ್ನಿ ಅಳತೆಗೆ ಕತ್ತರಿಸಿದ್ರೆ ನಾವು ಹಾಳಾಗ್ತಿದ್ವಿ. ದೊಡ್ಡದನ್ನ ಚಿಕ್ಕದು ಮಾಡಬಹುದು. ನಿಮ್ಮ ಸೊಂಟವೇ ಎಲ್ಲರನ್ನೂ ಕಾಪಾಡಿತು."

ಇದನ್ನು ಹೊಗಳಿಕೆಯೆಂದು ತಿಳಿಯಬೇಕೋ ಬೈಗುಳವೆಂದೋ ಕುಂತಾರಿಗೆ ತಿಳಿಯಲಿಲ್ಲ. ಕೋಣೆ ಸದ್ಯಕ್ಕೆ ಪೂರ್ತಿ ಕೈತಪ್ಪಲಿಲ್ಲ.

"ಈಗ ಹಳೇ ಮಾದರಿ ಕಾಗದ ತನ್ನಿ," ಎಂದಳು ನಸ್ತಿತಿ. ನಾನು ಕಾಲುಗುರಿನಿಂದ ನೆಲ ಕೆರೆದೆ. ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ, ಬಾಗಿಲ ಕಡೆ ಕೈ ತೋರಿಸಿದಳು ಅಷ್ಟೆ. ಪಾಕ್ ಜುಮಾದಿಯ ಗಾಡಿಗೆ ಓಡಿದೆ. ಆತ ತಿಂಡಿ ಕೊಳ್ಳದೆ ಬರೀ ಕಾಗದ ವಾಪಸು ಕೊಡಲೊಲ್ಲ, "ವ್ಯಾಪಾರ ವ್ಯಾಪಾರಾನೇ ಪಾಕ್" ಎಂದ. ಆಮೇಲಿನ ದಿನಗಳಲ್ಲಿ ನಾನು ತಿಂದ ಬಕ್ವಾನು (ತರಕಾರಿ ಬೋಂಡಾ), ತೋಫು, ಕರಿದ ಬಾಳೆಹಣ್ಣಿಗೆ ಲೆಕ್ಕವಿಲ್ಲ. ಒಂದು ಪೊಟ್ಟಣದಲ್ಲಿ ಬುದೆ ಮಾರ್ನಿಯ ಎಡತೋಳು ಸಿಕ್ಕಿತು. ಪ್ರಾಂಶುಪಾಲರ ಹೆಂಡತಿಯ ಬೆನ್ನು ಎಣ್ಣೆಯಲ್ಲಿ ಮುಳುಗಿ ಪಾರದರ್ಶಕವಾಗಿತ್ತು. ಉಳಿದವರನ್ನೆಲ್ಲ ನಸ್ತಿತಿ ಮತ್ತೆ ಕರೆಸಿ, ಮತ್ತೆ ಅಳೆದು, ಕ್ಷಮೆ ಕೇಳಿ, ಚಹಾ ಕೊಟ್ಟು ಕಳಿಸಿದಳು.

ನಾನೂ ಸುಮ್ಮನಿರಲಿಲ್ಲ. (ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.) ಪ್ರೋಗ್ರಾಮನ್ನು ರಿಪೇರಿ ಮಾಡಿದೆ. ತರಗತಿಯಲ್ಲಿ ಮೇಜು ಗುದ್ದಿ ನಾನು ಹೇಳುವ ಮಾತೊಂದಿದೆ: ವಿಳಾಸ ಹಿಡಿದುಕೊಂಡ ವಸ್ತುವಿಗೆ ಮೂರು ನಿಯಮಗಳನ್ನು ನೀವೇ ಬರೆಯಬೇಕು. ಒಬ್ಬರ ನಕಲಾಗಿ ಇನ್ನೊಬ್ಬರು ಹುಟ್ಟುವಾಗ ಏನು ಮಾಡಬೇಕು, ಆಗಲೇ ಇರುವವರ ಮೇಲೆ ಇನ್ನೊಬ್ಬರನ್ನು ಸಮಚಿಹ್ನೆಯಿಂದ ಹೊರಿಸುವಾಗ ಏನು ಮಾಡಬೇಕು, ಅಳಿಸುವಾಗ ಏನು ಮಾಡಬೇಕು. ಒಂದನ್ನು ಬರೆದವನು ಮೂರನ್ನೂ ಬರೆಯಬೇಕು, ಇಲ್ಲವಾದರೆ ನಾಶ! ಮೊದಲನೆಯದನ್ನು ಬರೆದೆ. ಬುದೆ ಮಾರ್ನಿಯನ್ನು ನಕಲು ಮಾಡಿ ನೋಡಿದೆ. ನಕಲು ಹುಟ್ಟುವಾಗಲೇ ತನ್ನದೇ ಅಳತೆಯ ಜೊತೆ ಹುಟ್ಟಿತು. ಸಂತೋಷಕ್ಕೆ ಎದ್ದು ಕುಣಿದೆ. ಎದ್ದವನಿಗೆ ಹೊಲಿಗೆ ಯಂತ್ರದ ದೀಪ ಮಿಣಮಿಣ ಎನ್ನುವುದು ಕಾಣಿಸಿತು. ಅದನ್ನು ಬಿಚ್ಚಲು ಹೋದೆ. ಎರಡನೆಯದೂ ಮೂರನೆಯದೂ ಹಾಗೇ ಉಳಿದವು.

ಹೆಂಗಸರದು ಮುಗಿಯಿತು. ಗಂಡಸರ ಕಡೆ ಎರಡೇ ಬೆಸ್ಕಾಪು, ಅಂದರೆ ಕುತ್ತಿಗೆಯವರೆಗೂ ಗುಂಡಿ ಹಾಕುವ ಕರಿ ಕೋಟು. ಒಂದು ಮದುವಣಗಿತ್ತಿಯ ತಂದೆಗೆ, ಅಂದರೆ ಕುಂತಾರಿಯ ಗಂಡ, ನನ್ನ ಷಡ್ಡಕ ಮಾಸ್ ಹಾರ್ಗೊಗೆ. ಇನ್ನೊಂದು ನನಗೆ. ಹಾರ್ಗೊ ರೈಲ್ವೆ ನೌಕರ, ಮೌನಿ, ಗುಂಡಗಿನ ಮನುಷ್ಯ. ಅವರ ಅಳತೆ ತೆಗೆದಾಯಿತು. ನಸ್ತಿತಿ ಟೇಪು ಹಿಡಿದು ನನ್ನತ್ತ ಬಂದಳು.

"ನನಗ್ಯಾಕೆ? ಮಾಸ್ ಹಾರ್ಗೊದೂ ನನ್ನದೂ ಒಂದೇ ಮೈಕಟ್ಟು. ಅವರ ಅಳತೇನೇ ಹಾಕ್ಕೋತೀನಿ," ಎಂದೆ. (ಬಕ್ವಾನುಗಳ ನಂತರ ಟೇಪು ಕಂಡರೆ ನನಗೆ ಹಾವು ಕಂಡ ಹಾಗಾಗುತ್ತಿತ್ತು.)

ನನ್ನ ಹೆಸರಿನ ಖಾಲಿ ಗಿರಾಕಿ ಆಗಲೇ ಇದ್ದನಲ್ಲ? ಅವನ ಮುಂದೆ ಒಂದು ಸಮಚಿಹ್ನೆ ಹಾಕಿ, ಆಚೆ ಬದಿಗೆ ಹಾರ್ಗೊ ಎಂದು ಬರೆದೆ. ಆಮೇಲೆ ಹೆಸರನ್ನು ಮತ್ತೆ ನನ್ನದೇ ಮಾಡಿದೆ. ಮುಗಿಯಿತು. ಆಗ ತಲೆಯೊಳಗೊಂದು ಇರುವೆ ಓಡಾಡಿತು. ಮದುವೆಗೆ ಇನ್ನೂ ಮೂರು ವಾರವಿದೆ, ಕರಿದದ್ದು ಬಿಟ್ಟರೆ ಸೊಂಟ ಇಳಿಯುವುದಿಲ್ಲವೆ? ಕೋಟು ಬಿಗಿಯಾಗಿದ್ದರೆ ಫೋಟೋದಲ್ಲಿ ಎಷ್ಟು ಚೆಂದ! ನನ್ನ ಸೊಂಟದಿಂದ ಎಂಟು ಸೆಂಟಿಮೀಟರ್ ಕಳೆದೆ.

ಮಾರನೇ ದಿನ ಚೀಟಿ ನೋಡಿ ನಸ್ತಿತಿ ಹುಬ್ಬು ಗಂಟಿಕ್ಕಿದಳು. "ಮಾಸ್ ಹಾರ್ಗೊ ಇಷ್ಟು ಸಣ್ಣ ಇದ್ರಾ? ನಾನು ಅಳೆದಾಗ ಜಾಸ್ತಿ ಇತ್ತಪ್ಪ."

"ಹೆಣ್ಣಿನ ಅಪ್ಪ, ಚಿಂತೆಗೆ ಸೊರಗಿರ್ತಾರೆ. ಈಗ ರಿಪೇರಿ ಮಾಡಿದ ಪ್ರೋಗ್ರಾಮು, ತಪ್ಪೋ ಪ್ರಶ್ನೇನೇ ಇಲ್ಲ."

ಚೀಟಿಯನ್ನು ಇನ್ನೊಮ್ಮೆ ನೋಡಿ ತುಟಿ ಬಿಗಿದು ಹೊರಟುಹೋದಳು. ಹಾರ್ಗೊ ಅಳತೆ ಕೊಟ್ಟ ದಿನವೇ ಕೆಲಸದ ಮೇಲೆ ಚಿಲಾಚಾಪ್‌ಗೆ ಹೋದವರು ಮದುವೆಯ ಹಿಂದಿನ ದಿನ ಬಂದರು. ತೊಟ್ಟು ನೋಡಲೂ ವೇಳೆಯಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಗುಂಡಿ ಹಾಕಿಕೊಂಡ ಹಾರ್ಗೊ, "ಸ್ವಲ್ಪ ಬಿಗಿ," ಎಂದರು. ಆ ದಿನ ಅವರು ತಾವಾಗಿ ಆಡಿದ ಮಾತು ಅದೊಂದೇ.

"ಹೊಟ್ಟೆ ಒಳಗೆಳಕೊಳ್ಳಿ. ಮಗಳ ಮದುವೆ," ಎಂದರು ಕುಂತಾರಿ. ನಾನೂ ಎಳೆದುಕೊಂಡೇ ಇದ್ದೆ. ಮೂರು ವಾರದಲ್ಲಿ ನಾನು ಬಿಟ್ಟದ್ದು ಕರಿದ ಬಾಳೆಹಣ್ಣು ಒಂದನ್ನೇ.

ಹಸಿರು ಕೆಬಾಯಾದ ಹನ್ನೆರಡು ಹೆಂಗಸರು ಚಪ್ಪರದೊಳಗೆ ಸಾಲಾಗಿ ಬಂದಾಗ ನೆಂಟರೆಲ್ಲ ಆಹಾ ಎಂದರು. ಬುದೆ ಮಾರ್ನಿಯೂ ಎರಡು ಸುತ್ತು ತಿರುಗಿ ತೋರಿಸಿದರು. "ಯಾರು ಹೊಲಿದದ್ದು?" ಎಂದು ಬೀಗರ ಕಡೆಯವರು ವಿಚಾರಿಸತೊಡಗಿದರು. ಕುಂತಾರಿ ನಸ್ತಿತಿಯ ಕೈ ಹಿಸುಕಿದ್ದನ್ನು ನಾನು ಕಣ್ಣಾರೆ ಕಂಡೆ. ಕೋಣೆ ಬಂತು ಎಂದುಕೊಂಡೆ.

ಆಮೇಲೆ ತೂಗುವ ಶಾಸ್ತ್ರ. ಹೆಣ್ಣಿನ ತಂದೆ ಕುರ್ಚಿಯ ಮೇಲೆ ಕೂರಬೇಕು, ಒಂದು ತೊಡೆಯ ಮೇಲೆ ಮಗಳು, ಇನ್ನೊಂದರ ಮೇಲೆ ಅಳಿಯ. ತಾಯಿ ಬಂದು ಯಾರು ಹೆಚ್ಚು ಭಾರ ಎಂದು ಕೇಳಬೇಕು. ಎರಡೂ ಒಂದೇ ಎಂದು ತಂದೆ ಹೇಳಬೇಕು, ಅಂದರೆ ಇನ್ನು ಮೇಲೆ ಮಗಳೂ ಅಳಿಯನೂ ನಮಗೆ ಸಮಾನ ಎಂದು. ಲಾರಸ್ ಕೂತಳು. ಅಳಿಯನೂ ಕೂತ. ಹಾರ್ಗೊ ಮುಖ ಕೆಂಪಾಯಿತು, ನೀಲಿಯಾಯಿತು. ಗಾಮೆಲಾನ್ ವಾದ್ಯಗಳು ನಿಂತವು. ಕುಂತಾರಿ ಹೆಗಲ ಶಾಲು ಸರಿಮಾಡಿಕೊಂಡು ಗಟ್ಟಿಯಾಗಿ ಕೇಳಿದರು:

"ಏನ್ರೀ, ಯಾರು ಭಾರ?"

ಉತ್ತರ ಹೇಳಬೇಕಾದರೆ ಉಸಿರು ಬಿಡಬೇಕು. ಬಿಟ್ಟರು. ಫಟ್! ಫಟ್! ಫಟ್! ಗುಂಡಿಗಳು ಹುರಿದ ಜೋಳದ ಹಾಗೆ ಸಿಡಿದವು. ಒಂದು ಅಳಿಯನ ಪೇಟಕ್ಕೆ ತಾಗಿತು, ಇನ್ನೊಂದು ಗಾಮೆಲಾನಿನ ಕಂಚಿಗೆ ಬಡಿದು 'ಟಿಂಗ್' ಎಂದಿತು. ಆದರೂ ಕರ್ತವ್ಯಪ್ರಜ್ಞೆಯ ರೈಲ್ವೆ ಮನುಷ್ಯ ಬಿಚ್ಚಿದ ಕೋಟಿನಲ್ಲೇ ಹೇಳಿ ಮುಗಿಸಿದರು: "ಎರಡೂ... ಒಂದೇ."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ತುಂಬ ನಕ್ಕೆ. ಫಟ್! ಫಟ್! ಫಟ್! ನನ್ನವೂ ಹೋದವು.

ನಸ್ತಿತಿ ಆ ಕೋಟನ್ನೊಮ್ಮೆ ನೋಡಿದಳು, ಈ ಕೋಟನ್ನೊಮ್ಮೆ ನೋಡಿದಳು. ಎರಡೂ ಅದೇ ಗುಂಡಿಯಿಂದ ಅದೇ ಗುಂಡಿಯವರೆಗೆ ಕಿತ್ತುಹೋಗಿದ್ದವು. ಅವಳಿಗೆ ವಿವರಣೆಯ ಅಗತ್ಯ ಬೀಳಲಿಲ್ಲ. ನಮ್ಮಿಬ್ಬರನ್ನೂ ಪರದೆಯ ಹಿಂದೆ ಎಳೆದುಕೊಂಡು ಹೋಗಿ, "ಮಾಸ್, ಮತ್ತೆ ಒಂದೇ ಮೀನಾ?" ಎಂದಳು ಹಲ್ಲು ಕಚ್ಚಿ.

"ಸಮಚಿಹ್ನೆಯ ನಿಯಮ ಬರೆಯೋದು ಮರೆತೆ. ವಿಳಾಸ ಮಾತ್ರ ಬಂದುಬಿಟ್ಟಿದೆ. ನಾನು ನನ್ನ ಸೊಂಟ ಇಳಿಸಿದೆ, ಅವರದೂ..."

"ಬಾಯಿ ಮುಚ್ಚಿ, ಕೈ ಮೇಲೆತ್ತಿ."

ಹನ್ನೊಂದು ಕೆಬಾಯಾ ಕಿರಿದು ಮಾಡಿದಾಗ ಉಳಿದ ಹಸಿರು ಲೇಸಿನ ತುಂಡುಗಳು ಅವಳ ಚೀಲದಲ್ಲಿದ್ದವು. ಹಾರ್ಗೊ ಕೋಟಿನ ಬೆನ್ನು ಬಿಚ್ಚಿ, ಪಟ್ಟಿ ಸೇರಿಸಿ, ಗುಂಡಿ ಹಚ್ಚಿ, ಮೇಲೆ ಮದುವೆಗೆ ಗಂಡಸರು ಬೆನ್ನಿಗೆ ಕಟ್ಟುವ ಕಠಾರಿ ಸಿಕ್ಕಿಸಿ ಮುಚ್ಚಿದಳು. ಒಂದು ಹಾಡು ಮುಗಿಯುವುದರೊಳಗೆ ಅವರು ಮತ್ತೆ ಕುರ್ಚಿಯಲ್ಲಿದ್ದರು. ನನ್ನ ಬೆನ್ನು ಬಿಚ್ಚಲು ವ್ಯವಧಾನವಿರಲಿಲ್ಲ, ಇಷ್ಟವೂ ಇದ್ದಂತೆ ಕಾಣಲಿಲ್ಲ. ನನಗೆ ಹೊಟ್ಟೆಯ ಮೇಲೆಯೇ ಹಸಿರು ಲೇಸು ಹಾಕಿದಳು. ಮದುವೆ ಮುಗಿಯುವವರೆಗೂ ಊರಿನ ದೊಡ್ಡವರಿಗೆಲ್ಲ ಹಾಗೇ ಕೈಮುಗಿಯುತ್ತ ನಿಂತಿದ್ದೆ. ಬುದೆ ಮಾರ್ನಿ ಬಂದು ಲೇಸು ಮುಟ್ಟಿ ನೋಡಿ, "ಅಯ್ಯೋ ಯಿತ್ನೊ, ನೀನೂ ನಮ್ಮ ಸಮವಸ್ತ್ರಕ್ಕೆ ಸೇರ್ಕೊಂಡ್ಯಾ? ಹದಿಮೂರನೆಯವಳು!" ಎಂದು ಕೆನ್ನೆ ಹಿಂಡಿದರು.

ಮುಂದಿನ ವಾರ ಎಂಬಾಕ್ ಕುಂತಾರಿ ನಮ್ಮ ಮನೆಗೆ ಬಂದರು. ನಸ್ತಿತಿ ಕಂಪ್ಯೂಟರಿನ ಮುಂದೆ ಕೂತು, ಗಿರಾಕಿಗಳ ಅಳತೆಯನ್ನು ಕಂದು ಕಾಗದಕ್ಕೆ ಇಳಿಸಿಕೊಂಡು, ಒಬ್ಬೊಬ್ಬರನ್ನೇ ಒಳಗಿನಿಂದ ಅಳಿಸುತ್ತಿದ್ದಳು. ಕುಂತಾರಿ ಕೋಣೆಯ ಬೀಗದ ಕೈಯನ್ನು ಅವಳ ಮಡಿಲಿಗೆ ಹಾಕಿದರು.

"ಚಪ್ಪರದಲ್ಲಿ ನಮ್ಮ ಮಾನ ಕಾಪಾಡಿದವಳು ನೀನು. ಕೋಣೆ ನಿನ್ನದು. ಒಂದೇ ಷರತ್ತು, ಇವನೂ ಇವನ ಕಂಪ್ಯೂಟರೂ ಹೊಸ್ತಿಲು ದಾಟಬಾರದು."

ನಸ್ತಿತಿ ಬೀಗದ ಕೈ ಹಿಡಿದು ಅತ್ತಳು, ನಕ್ಕಳು, ಅಕ್ಕನನ್ನು ತಬ್ಬಿಕೊಂಡಳು. ನನ್ನ ಕಣ್ಣೂ ತುಂಬಿತು. ನನ್ನನ್ನು ಹೊರಗಿಟ್ಟ ವಿಷಯದಲ್ಲಿ ಅಕ್ಕತಂಗಿಯರಿಬ್ಬರೂ ಒಂದು ಮಾತನ್ನೂ ಚರ್ಚಿಸಲಿಲ್ಲ ಎಂಬುದು ಬೇರೆ ಮಾತು. ಕಣ್ಣೊರೆಸಿಕೊಂಡು ನಸ್ತಿತಿ ಮತ್ತೆ ಕೆಲಸಕ್ಕೆ ಕೂತಳು. ಪರದೆಯ ಮೇಲೆ ಉಳಿದಿದ್ದು ಎರಡೇ ಹೆಸರು. ಅವಳ ಬೆರಳು ನನ್ನ ಹೆಸರಿನ ಮೇಲೆ ಬಂತು.

ನಾನು ಹೌಹಾರಿ ಕೂಗಿದೆ: "ಬೇಡ, ಬೇಡ! ಅಳಿಸೋ ನಿಯಮ ಇನ್ನೂ ಸರಿ ಮಾಡಿಲ್ಲ! ನಮ್ಮಿಬ್ಬರಿಗೂ ಅಳತೆ ಒಂದೇ ಇರೋದು. ನನ್ನನ್ನ ಅಳಿಸಿದ್ರೆ ಮಾಸ್ ಹಾರ್ಗೊನೂ ಹೋಗ್ತಾರೆ!"

ನಸ್ತಿತಿ ಕೈ ತಡೆದು ಅಕ್ಕನ ಮುಖ ನೋಡಿದಳು. ಎಂಬಾಕ್ ಕುಂತಾರಿ ಕುರ್ಚಿಯಲ್ಲಿ ಆರಾಮವಾಗಿ ಒರಗಿ, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ತೂಗಿ ನೋಡಿದರು.

"ಹೋಗ್ಲಿ ಬಿಡು," ಎಂದರು. "ಎರಡೂ ಒಂದೇ."